ಅರ್ಧ ಮಾತ್ರೆಯ ನೆಮ್ಮದಿ ಎಷ್ಟು ದಿನ?

ಕಾರಣವಿಲ್ಲದ ಗಾಬರಿ, ಬಾರದ ನಿದ್ದೆ, ಬೆನ್ನು ಬಿಡದ ಹಳೆಯ ನೆನಪು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆಯ ಹೆಸರಿನಲ್ಲಿ ಮನೆಗೆ ಬಂದ ಪುಟ್ಟ ಮಾತ್ರೆಯೇ ಹೊಸ ತೊಂದರೆಯಾಗಬಾರದಲ್ಲ?

‘ಏನೂ ಇಲ್ಲ ಕಣ್ರೀ, ಸುಮ್ನೆ ಟೆನ್ಷನ್ನು. ರಾತ್ರಿ ಅರ್ಧ ಮಾತ್ರೆ ತಗೊಂಡು ಮಲಗಿಬಿಡ್ತೀನಿ.’

ಪಾರ್ಕಿನ ವಾಕಿಂಗ್‌ನಲ್ಲೋ, ಮದುವೆ ಮನೆಯ ಪಂಕ್ತಿಯಲ್ಲೋ, ಮಕ್ಕಳ ಶಾಲೆಯ ಗೇಟಿನ ಮುಂದೋ ಈ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ನೀವೇ ಹೇಳಿರಲೂಬಹುದು. ಆ ಅರ್ಧ ಮಾತ್ರೆಯ ಹೆಸರೇನು, ಯಾರು ಬರೆದುಕೊಟ್ಟರು, ಎಷ್ಟು ದಿನಕ್ಕೆ ಎಂದು ಕೇಳಿ ನೋಡಿ. ‘ಎರಡು ವರ್ಷದ ಹಿಂದೆ ಡಾಕ್ಟ್ರು ಕೊಟ್ಟಿದ್ರು, ಆಮೇಲೆ ನಾನೇ ತರಿಸ್ಕೋತೀನಿ’ ಎಂಬ ಉತ್ತರ ಬಂದರೆ ಅಚ್ಚರಿಯಿಲ್ಲ.

ಈ ಉತ್ತರದಲ್ಲಿ ಎರಡು ಸಂಗತಿಗಳಿವೆ. ಒಂದು, ಆಕೆಗೆ ಇರುವುದು ‘ಸುಮ್ನೆ ಟೆನ್ಷನ್’ ಆಗಿರಲಿಕ್ಕಿಲ್ಲ. ಎರಡು, ಆ ಮಾತ್ರೆ ವರ್ಷಗಟ್ಟಲೆ ನುಂಗುವಂಥದ್ದಲ್ಲ. ಎರಡನ್ನೂ ಬಿಡಿಸಿ ನೋಡೋಣ.

ಚಿಂತೆ ಯಾವಾಗ ಕಾಯಿಲೆ?

ಚಿಂತೆಗೂ ಚಿತೆಗೂ ಒಂದು ಸೊನ್ನೆಯ ವ್ಯತ್ಯಾಸ ಎಂದು ಹಿರಿಯರು ಹೇಳುತ್ತಾರೆ. ಹಾಗೆಂದು ಎಲ್ಲ ಚಿಂತೆಯೂ ಕೆಟ್ಟದ್ದಲ್ಲ. ಮಗಳ ಪರೀಕ್ಷೆ, ಅತ್ತೆಯ ಆಪರೇಷನ್, ತಿಂಗಳ ಕೊನೆಯ ಖರ್ಚು, ಇವುಗಳ ಬಗ್ಗೆ ಕಳವಳ ಆಗದಿದ್ದರೇ ಆಶ್ಚರ್ಯ! ಕಾರಣ ಮುಗಿದ ಮೇಲೆ ಆ ಕಳವಳವೂ ಮುಗಿಯಬೇಕು, ಅಷ್ಟೇ.

ನಮ್ಮ ಮಿದುಳಿನಲ್ಲಿ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಅದನ್ನು ಮನೆಯ ಕಾವಲು ನಾಯಿ ಎಂದುಕೊಳ್ಳಿ. ಕಳ್ಳ ಬಂದರೆ ಬೊಗಳುವುದು ಅದರ ಕೆಲಸ. ಅದು ಬೊಗಳಿದ ಕೂಡಲೇ ದೇಹ ಓಡಲು ಅಥವಾ ಎದುರಿಸಲು ಸಜ್ಜಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಉಸಿರು ಜೋರಾಗುತ್ತದೆ, ಅಂಗೈ ಬೆವರುತ್ತದೆ. ಆತಂಕದ ಕಾಯಿಲೆ ಎಂದರೆ ಈ ನಾಯಿ ಹಾಲಿನವನು ಬಂದರೂ, ಪೇಪರಿನವನು ಬಂದರೂ, ಯಾರೂ ಬಾರದಿದ್ದರೂ ಬೊಗಳುತ್ತಲೇ ಇರುವುದು.

ಇದರಲ್ಲಿ ಹಲವು ಬಗೆ. ಆರು ತಿಂಗಳಿಗೂ ಮೀರಿ ಹೆಚ್ಚಿನ ದಿನಗಳಲ್ಲಿ ‘ಏನೋ ಆಗಿಬಿಡುತ್ತೆ’ ಎಂಬ ತಳಮಳ, ಜತೆಗೆ ಸುಸ್ತು, ಸಿಡುಕು, ಕತ್ತು-ಬೆನ್ನಿನ ಬಿಗಿತ, ನಿದ್ದೆಗೇಡು ಇದ್ದರೆ ಅದು ಸಾಮಾನ್ಯೀಕೃತ ಆತಂಕ. ಬಸ್ಸಿನಲ್ಲೋ ಮಾಲ್‌ನಲ್ಲೋ ಇದ್ದಕ್ಕಿದ್ದಂತೆ ಎದೆ ಢವಢವ, ಉಸಿರು ಕಟ್ಟಿದಂತೆ, ಕೈಕಾಲು ಜುಮುಜುಮು, ‘ಸತ್ತೇ ಹೋಗ್ತೀನಿ’ ಎಂಬ ದಿಗಿಲು ಬಂದು ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ, ನಿಧಾನಕ್ಕೆ ಇಳಿದರೆ ಅದು ಪ್ಯಾನಿಕ್ ಅಟ್ಯಾಕ್. ನಾಲ್ಕು ಜನರೆದುರು ಮಾತಾಡಲು, ಊಟ ಮಾಡಲು, ಸಹಿ ಹಾಕಲು ಕೂಡ ನಡುಕ ಬಂದರೆ ಅದು ಸಾಮಾಜಿಕ ಆತಂಕ.

ಹೆಂಗಸರಲ್ಲಿ ಇವು ಗಂಡಸರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ನಾವು ಇದನ್ನು ಮನಸ್ಸಿನ ಲೆಕ್ಕಕ್ಕೆ ಹಾಕುವುದೇ ಇಲ್ಲ. ‘ಗ್ಯಾಸ್ಟ್ರಿಕ್’, ‘ವೀಕ್‌ನೆಸ್’, ‘ಬಿಪಿ ಲೋ ಆಗಿರಬೇಕು’ ಎನ್ನುತ್ತಾ ಇಸಿಜಿಯಿಂದ ಎಂಡೋಸ್ಕೋಪಿವರೆಗೆ ಸುತ್ತುತ್ತೇವೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಒಂದು ಎಚ್ಚರಿಕೆ. ಎದೆ ನೋವು, ಉಸಿರಾಟದ ತೊಂದರೆ ಮೊದಲ ಸಲ ಬಂದಾಗ ‘ಇದು ಬರೀ ಗಾಬರಿ’ ಎಂದು ನೀವೇ ತೀರ್ಮಾನಿಸಬೇಡಿ. ಹೃದಯದ ಪರೀಕ್ಷೆ ಮೊದಲು ಆಗಲಿ. ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಸುಸ್ತು, ಓಕರಿಕೆ, ಬೆನ್ನು ಅಥವಾ ದವಡೆಯ ನೋವಾಗಿ ಬರುತ್ತದೆ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ, ಮುಟ್ಟು ನಿಲ್ಲುವ ಕಾಲದಲ್ಲೂ ಎದೆ ಬಡಿತ, ಬೆವರು, ನಿದ್ದೆಗೇಡು ಕಾಣಿಸಿಕೊಳ್ಳಬಹುದು. ಇವೆಲ್ಲ ಸರಿಯಿದೆ ಎಂದು ಒಮ್ಮೆ ಗೊತ್ತಾದ ಮೇಲೆ ಮತ್ತೆ ಮತ್ತೆ ಸ್ಕ್ಯಾನಿಂಗ್‌ಗೆ ಓಡಬೇಡಿ. ಆಗ ನೋಡಬೇಕಾದ್ದು ಮನಸ್ಸನ್ನು.

ಆಘಾತದ ಗಾಯ ಕಣ್ಣಿಗೆ ಕಾಣದು

ಇನ್ನೊಂದು ಬಗೆಯ ಗಾಬರಿಗೆ ಬೇರು ಇರುವುದು ನಡೆದುಹೋದ ಘಟನೆಯಲ್ಲಿ. ಅಪಘಾತ, ಅತ್ಯಾಚಾರ, ಮನೆಯೊಳಗಿನ ಹೊಡೆತ-ಬಡಿತ, ಬಾಲ್ಯದಲ್ಲಿ ನೆಂಟರಿಷ್ಟರಿಂದಲೇ ಆದ ಲೈಂಗಿಕ ಕಿರುಕುಳ, ಜೀವಕ್ಕೇ ಕುತ್ತು ತಂದ ಹೆರಿಗೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವರನ್ನು, 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್‌ಗೆ ಪರದಾಡಿದವರನ್ನು ನೆನೆಸಿಕೊಳ್ಳಿ. ಘಟನೆ ಮುಗಿದಿದೆ. ಆದರೆ ಕೆಲವರ ಮಿದುಳಿಗೆ ಅದು ಮುಗಿದಿರುವುದಿಲ್ಲ.

ಇಂಥವರಲ್ಲಿ ನಾಲ್ಕು ಬಗೆಯ ಲಕ್ಷಣಗಳು ಕಾಣುತ್ತವೆ. ಘಟನೆ ಕಣ್ಣಮುಂದೆ ಮತ್ತೆ ನಡೆದಂತಾಗುವುದು, ಕೆಟ್ಟ ಕನಸು. ಆ ಜಾಗ, ಆ ವಾಸನೆ, ಆ ಮಾತಿನಿಂದ ದೂರ ಓಡುವುದು. ‘ಎಲ್ಲಾ ನನ್ನದೇ ತಪ್ಪು’ ಎಂಬ ಭಾವನೆ, ಯಾರ ಮೇಲೂ ನಂಬಿಕೆ ಇಲ್ಲದಿರುವುದು, ಮನಸ್ಸು ಮರಗಟ್ಟುವುದು. ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಸಿಟ್ಟು, ನಿದ್ದೆ ಬಾರದಿರುವುದು. ಇವು ಒಂದು ತಿಂಗಳು ದಾಟಿಯೂ ಮುಂದುವರಿದು ದಿನನಿತ್ಯದ ಬದುಕನ್ನು ಕೆಡಿಸಿದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎನ್ನುತ್ತಾರೆ. ಯುದ್ಧದಿಂದ ಮರಳಿದ ಸೈನಿಕರ ಸಂಕಟದ ಚರ್ಚೆಯೂ ಸೇರಿ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಬಂತು. ಆದರೆ ಇದು ಸೈನಿಕರಿಗಷ್ಟೇ ಬರುವುದಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ನಡುಗಿ ಮೂಲೆಗೆ ಸರಿಯುವ ಹೆಣ್ಣುಮಗಳಿಗೂ ಬರುತ್ತದೆ.

ಆಘಾತವಾದವರಿಗೆಲ್ಲ ಕಾಯಿಲೆ ಬರುವುದಿಲ್ಲ, ನೆನಪಿರಲಿ. ಮೊದಲ ಕೆಲವು ವಾರ ನಿದ್ದೆ ಬಾರದೆ, ಅತ್ತು, ಬೆಚ್ಚಿ, ಆಮೇಲೆ ತಮ್ಮವರ ಆಸರೆಯಲ್ಲಿ ಚೇತರಿಸಿಕೊಳ್ಳುವವರೇ ಹೆಚ್ಚು.

ಮಾತ್ರೆ ಏನು ಮಾಡುತ್ತದೆ?

ಆಲ್ಪ್ರಜೋಲಮ್, ಕ್ಲೋನಜೆಪಮ್, ಲೊರಜೆಪಮ್, ಡಯಜೆಪಮ್. ನಿಮ್ಮ ಮನೆಯ ಮಾತ್ರೆ ಹಾಳೆಯ ಹಿಂಭಾಗದಲ್ಲಿ, ಕಂಪೆನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಥದ್ದೊಂದು ಹೆಸರಿದ್ದರೆ ಅದು ಬೆಂಜೊಡಯಜೆಪಿನ್ ಗುಂಪಿನ ಔಷಧ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಗಳ ಗದ್ದಲ ತಗ್ಗಿಸುವುದು ಅದರ ಕೆಲಸ. ಈ ಮಾತ್ರೆ ಗಾಬಾದ ಬಲ ಹೆಚ್ಚಿಸುತ್ತದೆ. ಅರ್ಧ-ಮುಕ್ಕಾಲು ಗಂಟೆಯಲ್ಲಿ ಎದೆ ಬಡಿತ ಇಳಿದು, ಮೈ ಸಡಿಲವಾಗಿ, ನಿದ್ದೆ ಬರುತ್ತದೆ. ‘ಅಬ್ಬಾ, ಬದುಕಿದೆ!’ ಅನ್ನಿಸುತ್ತದೆ. ತೊಡಕು ಶುರುವಾಗುವುದೂ ಅಲ್ಲೇ.

ಬೊಗಳುವ ನಾಯಿಗೆ ಮಂಪರು ಹಾಕಿ ಮಲಗಿಸಿದಿರಿ. ಹಾಲಿನವನು ಕಳ್ಳನಲ್ಲ ಎಂದು ಅದು ಕಲಿಯಲಿಲ್ಲ. ಮಂಪರು ಇಳಿದ ಕೂಡಲೇ ಮತ್ತೆ ಬೊಗಳುತ್ತದೆ. ವಾರಗಳು ಕಳೆದಂತೆ ಮಿದುಳು ಮಾತ್ರೆಗೆ ಒಗ್ಗಿಕೊಳ್ಳುತ್ತದೆ. ಅರ್ಧ ಸಾಲದೆ ಒಂದಾಗುತ್ತದೆ, ಒಂದು ಸಾಲದೆ ಒಂದೂವರೆ. ಒಂದು ರಾತ್ರಿ ತಪ್ಪಿದರೆ ಮೊದಲಿಗಿಂತ ಜೋರಾದ ಗಾಬರಿ. ‘ನೋಡಿ, ಮಾತ್ರೆ ಬಿಟ್ಟರೆ ಕಾಯಿಲೆ ಮತ್ತೆ ಬರುತ್ತೆ’ ಎಂದು ಆಕೆ ತಿಳಿಯುತ್ತಾಳೆ. ನಿಜಕ್ಕೂ ಅದು ಎಷ್ಟೋ ಸಲ ಕಾಯಿಲೆಯಲ್ಲ, ಮಾತ್ರೆ ಬಿಟ್ಟದ್ದರ ಪರಿಣಾಮ!

ಹಾಗೆಂದು ಈ ಔಷಧಗಳೇ ಕೆಟ್ಟವು ಎಂದಲ್ಲ. ಫಿಟ್ಸ್ ನಿಲ್ಲಿಸಲು, ಆಪರೇಷನ್‌ಗೆ ಮುಂಚೆ, ಮದ್ಯ ಬಿಡಿಸುವಾಗ, ತಡೆಯಲಾರದ ಗಾಬರಿಗೆ ಕೆಲವೇ ದಿನಗಳ ಮಟ್ಟಿಗೆ ಇವು ಬಹಳ ಉಪಯುಕ್ತ. ಆತಂಕಕ್ಕೆ, ನಿದ್ದೆಗೆ ಎರಡರಿಂದ ನಾಲ್ಕು ವಾರ ಮೀರದಂತೆ ಬಳಸಬೇಕು ಎಂಬುದು ವೈದ್ಯಲೋಕದ ಸಾಮಾನ್ಯ ಸಲಹೆ. ವಾರಗಳ ಔಷಧ ವರ್ಷಗಳ ಔಷಧವಾದದ್ದು ನಮ್ಮ ತೊಂದರೆ.

ಈ ಕಥೆ ಹೊಸದೇನಲ್ಲ. ರೋಶ್ ಕಂಪೆನಿಯ ಅಮೆರಿಕ ಶಾಖೆಯಲ್ಲಿದ್ದ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನವಿಜ್ಞಾನಿ ಕಂಡುಹಿಡಿದ ಲಿಬ್ರಿಯಂ 1960ರಲ್ಲಿ, ವೇಲಿಯಂ 1963ರಲ್ಲಿ ಮಾರುಕಟ್ಟೆಗೆ ಬಂದವು. ಹಿಂದಿನ ನಿದ್ದೆ ಔಷಧಗಳಿಗಿಂತ ಇವು ಸುರಕ್ಷಿತ ಎಂದು ವೈದ್ಯರು ಧಾರಾಳವಾಗಿ ಬರೆದರು. ನುಂಗಿದವರಲ್ಲಿ ಹೆಚ್ಚಿನವರು ಹೆಂಗಸರು. ಮನೆಗೆಲಸದಲ್ಲಿ ಬೇಸತ್ತ ಗೃಹಿಣಿಗೆ ಇದೇ ಮದ್ದು ಎಂಬಂತೆ ಜಾಹೀರಾತುಗಳೂ ಬಂದವು. ಇದು ಚಟವಾಗುತ್ತಿದೆ ಎಂಬ ದೂರು ಎಷ್ಟು ಜೋರಾಯಿತೆಂದರೆ 1979ರಲ್ಲಿ ಅಲ್ಲಿನ ಸೆನೆಟ್ ವಿಚಾರಣೆಯನ್ನೇ ನಡೆಸಿತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಗುಂಪಿನ ಎಲ್ಲ ಔಷಧಗಳ ಮೇಲೂ ದುರ್ಬಳಕೆ, ಅವಲಂಬನೆ ಮತ್ತು ಬಿಟ್ಟಾಗಿನ ತೊಂದರೆಗಳ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಅಚ್ಚಾಗಬೇಕೆಂದು ಆದೇಶಿಸಿತು.

ಆಘಾತಕ್ಕೆ ಈ ಮಾತ್ರೆ ಮದ್ದಲ್ಲ

ಮನೆಯಲ್ಲಿ ಸಾವಾದಾಗ, ಅಪಘಾತವಾದಾಗ ‘ಅವಳಿಗೊಂದು ನಿದ್ದೆ ಮಾತ್ರೆ ಕೊಟ್ಟು ಮಲಗಿಸಿ’ ಎನ್ನುವುದು ನಮ್ಮಲ್ಲಿ ರೂಢಿ. ಹೇಳುವವರ ಕಾಳಜಿ ನಿಜವೇ. ಆದರೆ ಆಘಾತದ ನಂತರದ ಮೊದಲ ತಿಂಗಳಲ್ಲಿ ಗಾಬರಿ, ನಿದ್ದೆಗೇಡಿಗೆಂದು ವಯಸ್ಕರಿಗೆ ಬೆಂಜೊಡಯಜೆಪಿನ್ ಕೊಡಬಾರದು, ಮಕ್ಕಳಿಗಂತೂ ಕೊಡಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಅಳಬೇಕಾದವರು ಅಳಬೇಕು, ಹೇಳಬೇಕೆನಿಸಿದ್ದನ್ನು ಹೇಳಬೇಕು. ಮಂಪರಿನಲ್ಲಿ ಈ ಕೆಲಸ ಆಗುವುದಿಲ್ಲ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಕೆಲವು ಮನೆಗಳಲ್ಲಿ ಆಘಾತ ಮುಗಿದೇ ಇರುವುದಿಲ್ಲ. ಗಂಡ ದಿನವೂ ಕುಡಿದು ಬಂದು ಹೊಡೆಯುತ್ತಾನೆ. ಹೆಂಡತಿಗೆ ಎದೆ ಬಡಿತ, ನಿದ್ದೆಯಿಲ್ಲ. ‘ಇವಳಿಗೆ ನರದ ತೊಂದರೆ’ ಎಂದು ಮನೆಯವರು ಮಾತ್ರೆ ತಂದುಕೊಡುತ್ತಾರೆ. ಆಕೆ ಸುಮ್ಮನಾಗುತ್ತಾಳೆ, ಹೊಡೆತ ಮುಂದುವರಿಯುತ್ತದೆ. ಇಲ್ಲಿ ನಾಯಿ ಬೊಗಳುತ್ತಿರುವುದು ನಿಜವಾದ ಕಳ್ಳನನ್ನು ನೋಡಿ! ಆಕೆಗೆ ಬೇಕಾದದ್ದು ಮಂಪರಲ್ಲ, ರಕ್ಷಣೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಿಂದ ಇದೆ. ಮಹಿಳಾ ಸಹಾಯವಾಣಿ 181, ತುರ್ತು ನೆರವಿಗೆ 112. ವೈದ್ಯರ ಬಳಿ ಹೋದಾಗ ಜತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಒಬ್ಬರೇ ಮಾತಾಡಬೇಕು ಎಂದು ಕೇಳಲು ಸಂಕೋಚ ಬೇಡ.

ಯಾರಿಗೆ ಅಪಾಯ ಹೆಚ್ಚು?

* ಹಿರಿಯರಿಗೆ: ರಾತ್ರಿ ಬಾತ್‌ರೂಮಿಗೆ ಎದ್ದಾಗ ತೂಕಡಿಕೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ. ಮರೆವು, ಗಲಿಬಿಲಿ ಹೆಚ್ಚಿ, ‘ಅಮ್ಮನಿಗೆ ಅರುಳುಮರುಳು’ ಎಂದು ನಾವು ತಪ್ಪು ತಿಳಿಯುವುದೂ ಉಂಟು.

* ಸ್ಕೂಟರ್, ಕಾರು ಓಡಿಸುವವರಿಗೆ: ರಾತ್ರಿಯ ಮಾತ್ರೆಯ ಮಂಪರು ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿಗೂ ಉಳಿದಿರಬಹುದು. ಕ್ಲೋನಜೆಪಮ್‌ನಂಥವು ಒಂದು ದಿನಕ್ಕೂ ಹೆಚ್ಚು ಹೊತ್ತು ದೇಹದಲ್ಲಿರುತ್ತವೆ.

* ಬಸುರಿ, ಬಾಣಂತಿಯರಿಗೆ: ಮಗುವಿಗೂ ಮಂಪರು, ಉಸಿರಾಟದ ತೊಂದರೆ ತಟ್ಟಬಹುದು. ಬಸುರಾಗುವ ಯೋಚನೆ ಇರುವಾಗಲೇ ವೈದ್ಯರಿಗೆ ತಿಳಿಸಿ.

* ಬೇರೆ ಔಷಧ ತೆಗೆದುಕೊಳ್ಳುವವರಿಗೆ: ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಅಥವಾ ಮದ್ಯದ ಜತೆ ಸೇರಿದರೆ ಉಸಿರೇ ನಿಧಾನವಾಗಿ ಜೀವಕ್ಕೆ ಅಪಾಯ. ನೆಗಡಿ ಮಾತ್ರೆ ಸೇರಿದರೂ ಮಂಪರು ಹೆಚ್ಚುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟಿದಂತೆ ಗೊರಕೆ ಹೊಡೆಯುವವರೂ ಎಚ್ಚರವಾಗಿರಬೇಕು.

ಗೊತ್ತೇ ಇಲ್ಲದೆ ನುಂಗುತ್ತಿರಬಹುದು!

ಹೊಟ್ಟೆನೋವು, ಅಜೀರ್ಣಕ್ಕೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲಿಡಿನಿಯಂ ಜತೆ ಕ್ಲೋರ್‌ಡಯಜೆಪಾಕ್ಸೈಡ್ ಇರುತ್ತದೆ. ಇದು ಅದೇ ಹಳೆಯ ಲಿಬ್ರಿಯಂ! ‘ಗ್ಯಾಸ್ಟ್ರಿಕ್ ಮಾತ್ರೆ ತಾನೆ’ ಎಂದು ತಿಂಗಳುಗಟ್ಟಲೆ ತಿಂದು, ಬಿಟ್ಟಾಗ ಗಾಬರಿಯಾದರೆ ಕಾರಣ ಗೊತ್ತಾಗುವುದಾದರೂ ಹೇಗೆ? ಹಾಗೆಯೇ ಖಿನ್ನತೆಯ ಔಷಧ ಎಸಿಟಲೊಪ್ರಾಮ್ ಜತೆ ಕ್ಲೋನಜೆಪಮ್, ಎದೆ ಬಡಿತದ ಪ್ರೊಪ್ರನಲಾಲ್ ಜತೆ ಆಲ್ಪ್ರಜೋಲಮ್ ಸೇರಿಸಿದ ಮಾತ್ರೆಗಳೂ ಇವೆ. ಹಾಳೆಯ ಮೇಲಿನ ಹೆಸರುಗಳನ್ನು ಪೂರ್ತಿ ಓದಿ. ಕಣ್ಣಿಗೆ ಕಾಣದಿದ್ದರೆ ಮಕ್ಕಳ ಕೈಲಿ ಓದಿಸಿ.

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ ಆಲ್ಪ್ರಜೋಲಮ್, ಡಯಜೆಪಮ್, ಜೋಲ್ಪಿಡೆಮ್ ಮುಂತಾದವು ಸೇರಿವೆ. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಕೊಂಡವರ ಮತ್ತು ವೈದ್ಯರ ವಿವರವನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಪರಿಚಯದ ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಟ್ಟರೆ ಅದು ನಿಮಗೆ ಮಾಡಿದ ಉಪಕಾರವಲ್ಲ.

ದಿಢೀರ್ ಬಿಡಬೇಡಿ!

ಈ ಲೇಖನ ಓದಿ ಇವತ್ತೇ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯಲು ಹೊರಟಿದ್ದರೆ, ದಯವಿಟ್ಟು ತಡೆಯಿರಿ. ದಿನವೂ ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ನಿದ್ದೆ ಪೂರ್ತಿ ಹಾರಿಹೋಗುವುದು, ಬೆಳಕು-ಸದ್ದು ಸಹಿಸಲಾಗದಿರುವುದು ಮಾತ್ರವಲ್ಲ, ಫಿಟ್ಸ್ ಬರಬಹುದು, ಭ್ರಮೆ ಕಾಣಿಸಬಹುದು. ಜೀವಕ್ಕೇ ಅಪಾಯವಾಗಬಹುದು. ಊರಿಗೆ ಹೋಗುವಾಗ ಮಾತ್ರೆ ಮರೆತು ಹೋದರೂ ಇದೇ ಕಥೆ.

ಬಿಡುವ ದಾರಿ ಇದೆ, ಅದು ಮೆಟ್ಟಿಲು ಇಳಿದ ಹಾಗೆ. ವೈದ್ಯರು ಪ್ರಮಾಣವನ್ನು ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ತಗ್ಗಿಸಿ, ಎರಡು-ನಾಲ್ಕು ವಾರ ಕಾದು, ದೇಹ ಒಗ್ಗಿದ ಮೇಲೆ ಮತ್ತೊಂದು ಮೆಟ್ಟಿಲು ಇಳಿಸುತ್ತಾರೆ. ಕೆಲವರಿಗೆ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವ ಔಷಧಕ್ಕೆ ಬದಲಿಸಿ ಇಳಿಸುವುದೂ ಉಂಟು. ತಿಂಗಳುಗಳೇ ಹಿಡಿಯಬಹುದು. ಇಳಿಸುವಾಗ ಒಂದೆರಡು ವಾರ ಕಷ್ಟವಾದರೆ ಸೋತೆ ಎಂದುಕೊಳ್ಳಬೇಡಿ. ಆ ಮೆಟ್ಟಿಲಲ್ಲೇ ಇನ್ನೂ ಸ್ವಲ್ಪ ದಿನ ನಿಂತರಾಯಿತು.

ಹಾಗಾದರೆ ಮದ್ದೇನು?

ನಾಯಿಗೆ ಕಲಿಸಬೇಕು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಮಾಡುವುದು ಇದನ್ನೇ. ‘ಎದೆ ಬಡಿಯುತ್ತಿದೆ, ಅಂದರೆ ಹಾರ್ಟ್ ಅಟ್ಯಾಕ್’ ಎಂಬ ಯೋಚನೆಯನ್ನು ಪರೀಕ್ಷೆಗೆ ಒಡ್ಡಿ, ಹೆದರುವ ಜಾಗಕ್ಕೆ ಮೊದಲು ಐದು ನಿಮಿಷ, ಆಮೇಲೆ ಹತ್ತು ನಿಮಿಷ ಹೋಗಿ, ಏನೂ ಆಗಲಿಲ್ಲ ಎಂಬುದನ್ನು ಮಿದುಳಿಗೆ ಅನುಭವದಿಂದಲೇ ಕಲಿಸುತ್ತಾರೆ. ಸಾಮಾನ್ಯವಾಗಿ ಹತ್ತಾರು ಭೇಟಿಗಳು ಸಾಕು. ಆಘಾತದ ಕಾಯಿಲೆಗೆ ಆ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ನಿಧಾನಕ್ಕೆ ಎದುರಿಸುವ ಚಿಕಿತ್ಸೆ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬ ವಿಧಾನ ಎರಡೂ ಇವೆ.

ಔಷಧ ಬೇಕೇ ಬೇಕಾದರೆ ಸರ್ಟ್ರಲಿನ್, ಎಸಿಟಲೊಪ್ರಾಮ್‌ನಂಥ ಎಸ್ಎಸ್ಆರ್‌ಐ ಗುಂಪಿನವು ಮೊದಲ ಆಯ್ಕೆ. ಇವು ಮಂಪರಿನ ಮಾತ್ರೆಗಳಂತೆ ಇನ್ನೂ ಬೇಕು ಎಂಬ ಚಟ ಹಿಡಿಸುವುದಿಲ್ಲ. ಆದರೆ ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಗಾಬರಿ ಕೊಂಚ ಹೆಚ್ಚಾಗಲೂಬಹುದು. ಇದನ್ನು ತಿಳಿಯದೆ ಎಷ್ಟೋ ಮಂದಿ ನಾಲ್ಕೇ ದಿನಕ್ಕೆ ಬಿಟ್ಟು, ಕೂಡಲೇ ‘ಕೆಲಸ ಮಾಡುವ’ ಅರ್ಧ ಮಾತ್ರೆಗೇ ಮರಳುತ್ತಾರೆ. ಸ್ವಲ್ಪ ತಾಳ್ಮೆ ಇರಲಿ. ಇವನ್ನು ಬಿಡುವಾಗಲೂ ವೈದ್ಯರ ಸಲಹೆಯಂತೆ ನಿಧಾನವಾಗಿಯೇ ಬಿಡಬೇಕು.

ಮನೆಯಲ್ಲೇ ಮಾಡಬಹುದಾದದ್ದು:

* ಗಾಬರಿ ಏರಿದಾಗ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೇ ಮಾಡಿ.

* ಹಳೆಯ ಘಟನೆ ಕಣ್ಣಮುಂದೆ ಬಂದರೆ ಕಾಲನ್ನು ನೆಲಕ್ಕೆ ಒತ್ತಿ, ಕಾಣುವ ಐದು ವಸ್ತುಗಳ ಹೆಸರು ಹೇಳಿ. ‘ಇದು ಈಗ, ನಾನು ನನ್ನ ಮನೆಯಲ್ಲಿದ್ದೀನಿ’ ಎಂದುಕೊಳ್ಳಿ.

* ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ. ಸ್ಟ್ರಾಂಗ್ ಫಿಲ್ಟರ್ ಕಾಫಿ ಎದೆ ಬಡಿತಕ್ಕೆ ಚೆನ್ನಾಗಿಯೇ ಕುಮ್ಮಕ್ಕು ಕೊಡುತ್ತದೆ!

* ಬೆಳಗ್ಗೆ ಏಳುವ ಸಮಯ ದಿನವೂ ಒಂದೇ ಇರಲಿ. ಮಧ್ಯಾಹ್ನ ಗಂಟೆಗಟ್ಟಲೆ ಮಲಗಿ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಹೇಗೆ?

* ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಮನೆಗೆಲಸ ಇದಕ್ಕೆ ಬದಲಿಯಲ್ಲ.

* ನಿಮ್ಮ ಮಾತ್ರೆ ಪಕ್ಕದ ಮನೆಯವರಿಗೆ ಕೊಡಬೇಡಿ, ಅವರದ್ದು ನೀವು ತೆಗೆದುಕೊಳ್ಳಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ನೀವು ಕೇಳಬಹುದಾದ ಪ್ರಶ್ನೆಗಳು

ನನಗೆ ಕ್ಲೋನಜೆಪಮ್ ಮೂರು ವರ್ಷದಿಂದ ನಡೀತಿದೆ. ನಾನು ಚಟಗಾರ್ತಿಯೇ?

ಅಲ್ಲ. ಬರೆದುಕೊಟ್ಟ ಮಾತ್ರೆಗೆ ದೇಹ ಒಗ್ಗುವುದು ಬೇರೆ, ಮತ್ತಿಗಾಗಿ ಮಾತ್ರೆಯ ಬೆನ್ನು ಹತ್ತುವ ಚಟ ಬೇರೆ. ನಾಚಿಕೆಪಡುವಂಥದ್ದು ಏನೂ ಇಲ್ಲ. ನಡೆದದ್ದನ್ನು ವೈದ್ಯರಿಗೆ ನೇರವಾಗಿ ಹೇಳಿ. ಎಷ್ಟು ಮಾತ್ರೆ, ಎಷ್ಟು ದಿನದಿಂದ ಎಂಬುದನ್ನು ಮುಚ್ಚಿಡಬೇಡಿ.

ನಿದ್ದೆ ಮಾತ್ರೆಗೆ ಬದಲು ಆಯುರ್ವೇದದ್ದು ತಗೊಂಡರೆ?

‘ನ್ಯಾಚುರಲ್’ ಎಂದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ. ಅಶ್ವಗಂಧದಂಥವು ಕೂಡ ಮಂಪರು ಹೆಚ್ಚಿಸಬಹುದು, ಥೈರಾಯ್ಡ್ ಮೇಲೆ ಪರಿಣಾಮ ಮಾಡಬಹುದು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮುನ್ನ ಇಬ್ಬರೂ ವೈದ್ಯರಿಗೆ ತಿಳಿಸಿ.

ಮನೋವೈದ್ಯರ ಹತ್ತಿರ ಹೋದರೆ ಜನ ಏನಂತಾರೆ?

ಮಾನಸಿಕ ಆರೋಗ್ಯ ಕಾಯ್ದೆ 2017 ನಿಮ್ಮ ವಿವರ ಗುಟ್ಟಾಗಿರುವ ಹಕ್ಕು ಕೊಟ್ಟಿದೆ. ಹೋಗಲು ಹಿಂಜರಿಕೆ ಇದ್ದರೆ ಮೊದಲು ಫೋನಿನಲ್ಲೇ ಮಾತಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅಷ್ಟೇ ಅಲ್ಲ, ಜಿಲ್ಲಾ ಆಸ್ಪತ್ರೆಗಳಲ್ಲೂ ನೆರವು ಸಿಗುತ್ತದೆ. ಅಂದಹಾಗೆ, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗ!

‘ಬದುಕೇ ಬೇಡ’ ಎನಿಸುತ್ತಿದ್ದರೆ, ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗುವ ಯೋಚನೆ ಸುಳಿದರೆ ನಾಳೆಗೆ ಕಾಯಬೇಡಿ. ಹಾಳೆಯನ್ನು ನಂಬಿಕಸ್ಥರ ಕೈಗೆ ಕೊಟ್ಟು, ಕೂಡಲೇ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಮನೆಯವರಿಗೊಂದು ಮಾತು. ‘ಎಲ್ಲಾ ಇದೆ, ನಿನಗೇನು ಕೊರತೆ?’, ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶ ಬೇಡ. ಸಕ್ಕರೆ ಕಾಯಿಲೆಯವರಿಗೆ ಯಾರೂ ಹಾಗೆ ಹೇಳುವುದಿಲ್ಲ ಅಲ್ಲವೇ? ‘ಏನಾಗ್ತಿದೆ ಹೇಳು, ನಾನೂ ಡಾಕ್ಟರ್ ಹತ್ರ ಬರ್ತೀನಿ’ ಎನ್ನಿ. ಮಾತ್ರೆ ಇಳಿಸುವ ತಿಂಗಳುಗಳಲ್ಲಿ ಬೆಳಗಿನ ಡಬ್ಬಿ ಕಟ್ಟುವ ಕೆಲಸವನ್ನಾದರೂ ನೀವು ವಹಿಸಿಕೊಳ್ಳಿ. ಆಕೆ ಇನ್ನರ್ಧ ಗಂಟೆ ಹೆಚ್ಚು ಮಲಗಲಿ.